ಬರಿಗೈ ಪೂಜೆ

ಕಾಳಯುಕ್ತಿ ಸಂವತ್ಸರ, ಮಾಘ ಶುದ್ಧ ತದಿಗೆ. ಕಮಲಾಪುರ

ಮಠದ ಪಡಸಾಲೆಯಲ್ಲಿ ಇವತ್ತೂ ನಾಲ್ಕೈದೇ ಮಕ್ಕಳು. ಉಳಿದವರನ್ನು ಹೋದ ಕಾರ್ತೀಕದ ಜ್ವರ ಒಯ್ದಿದೆ. ಹೆಣ ಹೊರಲು ಊರಲ್ಲಿ ಜನ ಸಾಲಲಿಲ್ಲವಂತೆ. ಸರಕಾರಿ ಸ್ಕೂಲಿನಲ್ಲಿ ಉರ್ದು ಮಾತ್ರ. ನಾನೂ ಕನ್ನಡ ಕಲಿಸದಿದ್ದರೆ ಇನ್ಯಾರು?

ಧಾರವಾಡದಿಂದ ತರಿಸಿದ ಪುಸ್ತಿಕೆ ಮತ್ತೆ ಓದಿದೆ. ಮಧ್ಯಸ್ಥರು ಬೇಡ, ಎದುರಿಗೆ ಕೂತು ಪೂಜಿಸುವ ಒಬ್ಬ ಸಂಗಾತಿ ಸಾಕು; ಅವನ ಕುಲ ಕೇಳಬೇಡ, ಹಿಂದಿನ ಬಾಳು ಕೇಳಬೇಡ. ಕೆಳಗೆ ಗೆರೆ ಎಳೆದೆ. ಕಲಬುರಗಿಯಲ್ಲಿ ಅಂಥವನೊಬ್ಬ ಸಿಗಲಿಲ್ಲ. ಅಪ್ಪನ ಅಂಗಡಿಗೆ ಬರುವವರಿಗೆ ಲಿಂಗವೆಂದರೆ ಅದನ್ನಿಡುವ ಬೆಳ್ಳಿಯ ಕರಡಿಗೆ, ಅಷ್ಟೇ.

ಮಾಘ ಶುದ್ಧ ಪಂಚಮಿ, ಮುಂಜಾನೆ

ಬಾಳೆ ತೋಟದ ಬಾವಿ. ಸ್ನಾನ ಮುಗಿಸಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆ. ದಿಟ್ಟಿ ಎತ್ತಿದಾಗ ಎದುರು ಕಟ್ಟೆಯ ಮೇಲೆ ಒಬ್ಬರು. ಬಂದ ಸಪ್ಪಳವೇ ಆಗಿರಲಿಲ್ಲ. ಎಡಗೈ ಎದೆಮಟ್ಟಕ್ಕೆ ಎತ್ತಿ, ಅಂಗೈಯನ್ನೇ ನೋಡುತ್ತಿದ್ದರು. ಅಂಗೈ ಖಾಲಿ. ಗೆರೆಗಳಲ್ಲಿ ಕೆಮ್ಮಣ್ಣು.

ಮೈ ಜುಮ್ಮೆಂದಿತು. ಲಿಂಗವೆಂಬ ಕುರುಹನ್ನೂ ದಾಟಿದವರು ಇರಬೇಕು! ಹೆಸರು ಕೇಳಲಿಲ್ಲ. ಕೇಳುವುದಿಲ್ಲ.

ಏಳುವಾಗ ಅವರೇ ಮಾತಾಡಿದರು, ಬಹಳ ದಿನ ಬಳಸದ ದನಿಯಲ್ಲಿ: "ನಾಳಿನೂ ಕೂಡೂಣೇನು?"

ಮಾಘ ಶುದ್ಧ ನವಮಿ

ದಿನವೂ ಕೂಡುತ್ತಿದ್ದೇವೆ. ಇಂಥ ಶಾಂತಿ ಒಬ್ಬನೇ ಕೂತಾಗ ಎಂದೂ ಸಿಕ್ಕಿರಲಿಲ್ಲ.

ಇವತ್ತು ಒಂದು ವಿಚಿತ್ರ. ನೀರಿಗೆ ಬಂದ ಹೆಂಗಸೊಬ್ಬಳ ಹಗ್ಗ ಅವರ ಭುಜದ ಮೇಲೆಯೇ ಉಜ್ಜಿಕೊಂಡು ಹೋಯಿತು. ಅವರು ಕತ್ತು ಬಾಗಿಸಿದರು. ಅವಳು ಕಲ್ಲಿನ ಮೇಲೆ ಹಗ್ಗ ಎಳೆದಂತೆ ಎಳೆಯುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ:

"ಮಾಸ್ತರ, ಒಬ್ರೇ ಕೂತೀರಲ್ರಿ."

ಒಬ್ಬನೇ ಎಲ್ಲಿ ಎಂದೆ. ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದಳು.

ಮಾಘ ಶುದ್ಧ ದ್ವಾದಶಿ

ಮಕ್ಕಳನ್ನು ಕೇಳಿದೆ, ಬಾವಿಯ ಹತ್ತಿರ ಇರುವವರು ಯಾರೆಂದು. ಎಲ್ಲರೂ ಒಟ್ಟಿಗೇ ಸ್ಲೇಟಿನ ಕಡೆ ತಲೆ ತಗ್ಗಿಸಿದರು. ಊಟಕ್ಕೆ ಕೂತಾಗ ಭಾಗಮ್ಮತ್ತೆಯನ್ನು ಕೇಳಿದೆ. ಅಪ್ಪನ ಅಕ್ಕ, ಇಲ್ಲಿ ಅವಳ ಮನೆಯಲ್ಲೇ ನನ್ನ ವಾಸ; ಮಾತಿನ ಮಲ್ಲಿ. ಕೈಯಲ್ಲಿಯ ಸೌಟು ನಿಂತಿತು. ಜೋಳದ ಮಾತು ತೆಗೆದಳು.

ದೆವ್ವ ಇಲ್ಲವೆಂದು ಎಷ್ಟು ಜನರೊಂದಿಗೆ ವಾದಿಸಿದ್ದೇನೆ! ಆದರೂ ಇವತ್ತು ಅವರ ನೆರಳು ನೋಡಿದೆ. ಇದೆ. ನೋಡಿದ್ದಕ್ಕೆ ನಾಚಿಕೆಯಾಯಿತು.

ಮಾಘ ಬಹುಳ ಪಾಡ್ಯ, ಮಧ್ಯಾಹ್ನ

ತೋಟದ ಅಂಚಿನಲ್ಲಿ ಒಂದು ಹೊಸ ಗೋರಿ, ಕೆಮ್ಮಣ್ಣಿನ ದಿಬ್ಬ. ಹೆಂಗಸೊಬ್ಬಳು ಬಂದಳು, ಬಳೆಯಿಲ್ಲದ ಕೈ. ಸತ್ತವರಿಗೆ ಇಡುವ ಎಡೆ ಇಟ್ಟು, ಹಿಂತಿರುಗಿ ನೋಡದೆ ಹೋದಳು. ಬಾಳೆ ಎಲೆಗಳು ಅಲುಗಿದವು. ಅವರು ಬಂದರು. ಗೋರಿಯ ಪಕ್ಕ ಕೂತು ಆ ಎಡೆಯನ್ನು ಉಂಡರು.

ಓಡಿ ಬಂದೆ. ಹಾಡಹಗಲು, ಉರಿಬಿಸಿಲು... ಹಲ್ಲು ಕಟಕಟಿಸುತ್ತಿವೆ.

ಮಾಘ ಬಹುಳ ಅಷ್ಟಮಿ

ಇಷ್ಟು ದಿನ ಬಾವಿಯ ಕಡೆ ಹೋಗಲಿಲ್ಲ. ಇವತ್ತು ಹೋದೆ. ಅವರು ಕೂತಿದ್ದರು, ಕೈ ಎತ್ತಿಕೊಂಡು. ನಿಯಮ ಮುರಿದೆ. ನೀವು ಯಾರು ಎಂದು ಕೇಳಿದೆ.

ಹೆಸರು ಕಲ್ಯಾಣಪ್ಪ. ತೋಟ ಅವರದೇ. ಗೋರಿಯೂ ಅವರದೇ.

"ಜ್ವರದಾಗ ಸತ್ತಾನಂತ ತಿಳದು ಕುಣಿಯಾಗ ಕುಂದರ್ಸಿದ್ರು. ಅಂಗೈಯಾಗ ಲಿಂಗ ಇಟ್ರು. ಅಷ್ಟರಾಗ ಮತ್ತೊಂದು ಹೆಣ ಬಂತಂತ ಅತ್ಲಾಗ ಓಡಿದ್ರು. ನಂಗ ಎಚ್ಚರಾತು. ಹತ್ತಿ ಬಂದು ಬಾಳಿಯಾಗ ಬಿದ್ದೆ. ಅವ್ರು ಹೊಳ್ಳಿ ಬಂದು, ಒಳಗ ನೋಡ್ಲಾರದೇ ಮಣ್ಣು ಹಾಕಿದ್ರು. ಲಿಂಗ ಅಲ್ಲೇ ಉಳೀತು."

ಮೈಯಲ್ಲಿ ತ್ರಾಣ ಬಂದಮೇಲೆ ಮನೆಗೆ ಹೋದರಂತೆ. ಹೆಂಡತಿಯ ಬಳೆ ಒಡೆದು ಮುಗಿದಿತ್ತು. ಸತ್ತವನು ಹೊಸ್ತಿಲು ದಾಟಿದರೆ ಮನೆ ಹಾಳು, ನೋಡಿದವರಿಗೂ ಕೇಡು. ಅವತ್ತಿನಿಂದ ಊರು ಅವರನ್ನು ನೋಡಿಲ್ಲ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ನೋಡಲಿಲ್ಲ, ಅಷ್ಟೇ.

ಖಾಲಿ ಅಂಗೈಯನ್ನು ಸಿದ್ಧಿ ಎಂದುಕೊಂಡಿದ್ದೆ ನಾನು! ಬೇರೆ ಊರಿಗೆ ಯಾಕೆ ಹೋಗಲಿಲ್ಲ ಎಂದೆ.

"ಶಿವಕಾಂತಿ ದಿನಾ ಎಡಿ ಇಡ್ತಾಳ. ನಾ ಹ್ವಾದ್ರ ಆಕಿ ಯಾರಿಗಿಡ್ಲಿ?"

ಮಾಘ ಬಹುಳ ದಶಮಿ

ಕಲಬುರಗಿಗೆ ಹೋಗೋಣ, ಹೊಸ ಲಿಂಗ ಕೊಡಿಸುತ್ತೇನೆ ಎಂದು ಹಟ ಹಿಡಿದೆ. ಕೊನೆಗೆ ತಲೆಯಾಡಿಸಿದರು. ಶಿವಕಾಂತಮ್ಮ ಎಡೆ ಇಡುತ್ತಿದ್ದಾಗ ಹೇಳಿದೆ. ಬೆನ್ನು ತಿರುವಿಯೇ, ಬಾಳೆಗಿಡಕ್ಕೆ ಹೇಳುವಂತೆ ಹೇಳಿದರು:

"ಹೋಗೋರು ಹೋಗಿ ಬರ್ಲಿ. ನಾ ಇಡೂದು ಬಿಡಂಗಿಲ್ಲ."

ಮಾಘ ಬಹುಳ ದ್ವಾದಶಿ. ಕಲಬುರಗಿ

ಬಂಡಿಯವನು ದಾರಿಯುದ್ದಕ್ಕೂ ನನ್ನೊಬ್ಬನ ಜೊತೆ ಮಾತಾಡಿದ. ದರ್ಗಾ ಇರುವ ರೋಜಾ ಓಣಿಯಲ್ಲಿ ಇಳಿದೆವು. ದರ್ಗಾದ ಮುಂದೆ ಹೂ ಮಾರುವ ಅಲ್ಲಾಬಕ್ಷ ಕಲ್ಯಾಣಪ್ಪನವರಿಗೆ ದಾರಿ ಬಿಡುತ್ತ, "ಕಾಂ ಸೇ ಆಯೇ ಚಾಚಾ?" ಎಂದ. ಎಲ್ಲಿಂದ ಬಂದಿರಿ ಎಂಬ ಮಾತು, ಅಷ್ಟೇ. ಇವರು ಗೋಡೆ ಹಿಡಿದು ನಿಂತುಬಿಟ್ಟರು.

"ನನಗ ಕೇಳ್ದ," ಎಂದರು. "ನನಗೇ ಕೇಳ್ದ."

ಇಲ್ಲಿಯ ಮಠದಲ್ಲಿ ಸ್ವಾಮಿಗಳು ನನ್ನನ್ನಷ್ಟೇ ನೋಡುತ್ತಿದ್ದರು. ನಮ್ಮನ್ನು ಇಳಿಸಿ ಮುಂದೆ ಹೋದ ಬಂಡಿಯವನ ಕೈಲಿ ಅತ್ತೆ ಹೇಳಿಕಳಿಸಿದ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಹೊಸ ಲಿಂಗ ಕೇಳಿದ್ದಕ್ಕೆ, ದೀಕ್ಷೆ ಜೀವಂತ ಇರುವವರಿಗೆ ಎಂದರು. ನನಗೆ ರಕ್ತ ತಲೆಗೇರಿತು. ಕರಡಿಗೆ ಬಿಚ್ಚಿದೆ. ನನ್ನ ಲಿಂಗವನ್ನು ಪಡಸಾಲೆಯಲ್ಲಿ ಕೂತವರೆಲ್ಲರ ಎದುರಿಗೇ ಕಲ್ಯಾಣಪ್ಪನವರ ಅಂಗೈಯಲ್ಲಿಟ್ಟೆ.

ಲಿಂಗ ಬಿಟ್ಟವನು ಪ್ರಾಣ ಬಿಟ್ಟವನು ಎನ್ನುವುದು ನಮ್ಮಲ್ಲಿ ಕೂಸಿಗೂ ಗೊತ್ತು. ಒಬ್ಬೊಬ್ಬರೇ ಮುಖ ತಿರುವಿದರು.

ಮಾಘ ಬಹುಳ ಚತುರ್ದಶಿ

ಶಿವರಾತ್ರಿ. ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರೂ. ಕದ ಹಾಕಿದೆ. ಅಪ್ಪ ಅಂಗಡಿಗೆ ಹೋಗುವಾಗ ನನ್ನ ಕಾಲು ದಾಟಿ ಹೋದರು. ಕಲ್ಲು ದಾಟಿದ ಹಾಗೆ. ಒಳಗೆ ಅವ್ವ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು:

"ನಮ್ಮ ನೀಲಕಂಠ ಬಾಳ ಓದ್ತಿದ್ದ. ಬದನಿಕಾಯಿ ಅಂದ್ರ ಪ್ರಾಣ ಬಿಡ್ತಿದ್ದ."

ಅವ್ವ, ಇಲ್ಲೇ ಇದ್ದೇನೆ ಎಂದೆ. ಅವಳ ಮಾತು ತಡೆಯಲಿಲ್ಲ. ನನ್ನ ದನಿ ನನಗೇ ದೂರದಿಂದ ಬಂದಂತಿತ್ತು.

ಒಂದೇ ಲಿಂಗವನ್ನು ನಡುವೆ ಹಿಡಿದು ಕೂತೆವು. ಅವರ ಅಂಗೈ ಮೇಲೆ, ನನ್ನದು ಕೆಳಗೆ. ಮನಸ್ಸು ಇಷ್ಟು ನಿಂತದ್ದಿಲ್ಲ. ಇಷ್ಟು ಹೆದರಿದ್ದೂ ಇಲ್ಲ.

ಫಾಲ್ಗುಣ ಶುದ್ಧ ಪಾಡ್ಯ, ಬೆಳಗ್ಗೆ

ಬರೆಯುತ್ತಿರುವಾಗಲೇ ಕದ ತೆರೆಯಿತು. ಅವ್ವ. ಕಣ್ಣು ಬಾತಿವೆ. ನನ್ನನ್ನೇ ನೋಡಿದಳು, ನೇರ.

"ನೀಲಕಂಠಾ. ಲಿಂಗ ಇಸ್ಕೊಂಡು ಒಬ್ನೇ ಒಳಗ ಬಾ. ಏನೂ ಆಗಿಲ್ಲ ಅಂತೀನಿ."

ಒಳಗಿನಿಂದ ಅಪ್ಪ: "ಯಾರಿಗಿ ಕರ್ಯಾಕತ್ತಿ? ಅಲ್ಲಿ ಯಾರೂ ಇಲ್ಲ."

ಕಲ್ಯಾಣಪ್ಪನವರು ಅಂಗೈ ನನ್ನ ಕಡೆ ಚಾಚಿದ್ದಾರೆ. ತಗೋ ಎನ್ನುತ್ತಿದ್ದಾರೆ, ಮಾತಿಲ್ಲದೆ. ಅವರ ಬೆರಳುಗಳನ್ನು ಲಿಂಗದ ಮೇಲೆ ಮಡಚಿದೆ. ಮುಚ್ಚಿ ಹಿಡಿದೆ.

ಅವ್ವ ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾಳೆ. ಮತ್ತೆ ನನ್ನ ಹೆಸರು ಕರೆದಳು. ಆದರೆ ಈಗ ಅವಳ ಕಣ್ಣು ನನ್ನ ಮೇಲಿಲ್ಲ, ನನ್ನನ್ನು ಹಾದು ಹಿಂದಿನ ಬೀದಿಯಲ್ಲಿ ಯಾರನ್ನೋ ಹುಡುಕುತ್ತಿದೆ.