ಸಣ್ಣ ಕೆಲಸ ಮೊದಲು

ಮಾರ್ಚ್ ೪, ಸೋಮವಾರ

ಮತ್ತೆ ಓವನ್ ಮುಂದೆ ಜಗಳ. ಕೃತಕ ಕಾಲು ಮಾಡುವ ಬೆಂಚುಗಳು ಆರು ಇವೆ, ಪ್ಲಾಸ್ಟಿಕ್ ಹಾಳೆ ಕಾಯಿಸುವ ಓವನ್ ಮಾತ್ರ ಒಂದೇ. ಎಂಥ ಕಾಲಾದರೂ ಅದರೊಳಗೆ ಹೋಗಿಯೇ ಬರಬೇಕು. ಬೆಳಗ್ಗೆಯಿಂದ ಒಂದು ದೊಡ್ಡ ಕೆಲಸ ಓವನ್ ಹಿಡಿದು ಕೂತಿತ್ತು. ಅದರ ಹಿಂದಿನ ಸಣ್ಣವೆಲ್ಲ ಸಾಲಾಗಿ ನಿಂತವು.

ಓವನ್ ಮೇಸ್ತ್ರಿ ನನ್ನ ಮೇಜಿನ ತನಕ ಬಂದು ಕೂಗಿದ — “ಮೇಡಂ, ಅಂಗಡೀಲಿ ಒಂದು ಸೋಪಿಗೆ ಬಂದೋನು ಮನೆಸಾಮಾನೆಲ್ಲ ತಗೊಳ್ಳೋನ ಹಿಂದೆ ನಿಂತ ಹಾಗಿದೆ ಇದು!”

ಸರಿಯಾಗೇ ಹೇಳಿದ. ಯಾವ ಕೆಲಸ ಯಾವಾಗ ಎಂದು ಗೊತ್ತುಮಾಡುವವಳು ನಾನು. ಆದ್ದರಿಂದ ಬೈಗುಳವೂ ನನಗೇ.

ಸಂಜೆ ತಂಗಿಗೆ ಫೋನ್ ಮಾಡಿದೆ. “ಅಕ್ಕಾ, ಮಕ್ಕಳ ಪರೀಕ್ಷೆ, ಆಮೇಲೆ ಮಾಡ್ತೀನಿ” ಅಂದಳು. ಮಾಡಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಜೋರು, ಆದರೂ ಹಾಕಿಯೇ ಇರುತ್ತೇನೆ. ಏನಾದರೂ ಸದ್ದು ಇರಲಿ ಅಂತ.

ಮಾರ್ಚ್ ೧೧

ನಿಯಮ ಬದಲಾಯಿಸಿದೆ. ಬಂದ ಸರದಿ ಬಿಟ್ಟು, ಬೇಗ ಮುಗಿಯುವ ಕೆಲಸ ಮೊದಲು. ಕಂಪ್ಯೂಟರಿನ ಒಳಗೂ ಕೆಲವು ಕಡೆ ಹೀಗೇ ಮಾಡುತ್ತಾರೆ ಎಂದು ಕೋರ್ಸಿನಲ್ಲಿ ಓದಿದ್ದೆ. ಸಣ್ಣವರು ಸರಸರ ಹೋಗುತ್ತಾರೆ, ಎಲ್ಲರೂ ಕಾಯುವ ಹೊತ್ತಿನ ಸರಾಸರಿ ಇಳಿಯುತ್ತದೆ.

ಇಳಿಯಿತು! ಮ್ಯಾನೇಜರ್ ಸ್ಕ್ರೀನ್ ಮುಂದೆ ನಿಂತು ಮಗು ಮೊದಲ ಹೆಜ್ಜೆ ಇಟ್ಟಂತೆ ಹಿಗ್ಗಿದರು. “ಗ್ರಾಫ್ ನೋಡಿ ಮೇಡಂ, ಜಾರುಬಂಡೆ ಇದ್ದ ಹಾಗಿದೆ.” ಎಲ್ಲರಿಗೂ ಟೀ ತರಿಸಿದರು. ಎಷ್ಟೋ ದಿನದ ಮೇಲೆ ಯಾರೋ ನನ್ನನ್ನು ಹೊಗಳಿದ್ದು. ಮನೆಗೆ ಬಂದು ಹೇಳಿಕೊಳ್ಳಲು... ಇರಲಿ.

ಮಾರ್ಚ್ ೧೯, ಮಂಗಳವಾರ

ಊಟದ ಡಬ್ಬಿ ತೆರೆಯುವಾಗ ಫೋನ್. ಹೆಂಗಸಿನ ದನಿ, ನನಗಿಂತ ಹಿರಿಯರು. ಟೈಲರ್.

“ಅಳತೆ ಕೊಟ್ಟು ಬಂದೆ ಮೇಡಂ. ನನ್ನ ಕಾಲು ಎಲ್ಲಿಗೆ ಬಂತು?”

ನೋಡಿದೆ. ತೊಡೆಯ ಅರ್ಧದಿಂದ ಹೋದ ಕಾಲು. ಮೊಣಕಾಲಿನ ಕೀಲೂ ಕೂಡಿಸಬೇಕು, ಓವನ್ ಅರ್ಧ ದಿನ ಬೇಕು. ಇರುವುದರಲ್ಲೇ ಉದ್ದದ ಕೆಲಸ. ಸಾಲಿನ ತಳದಲ್ಲಿದೆ. “ಮುಂದಿನ ವಾರ ನೋಡೋಣ” ಅಂದೆ — ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಬೇಜಾರು ಮಾಡಿಕೊಳ್ಳಲಿಲ್ಲ. ಕಾಲು ಹೇಗೆ ಹೋಯಿತು ಎಂದು ಕೇಳಿದೆ. “ಲಾರಿ ಹಿಂದಕ್ಕೆ ಬಂತು, ನಾನು ಹಿಂದೆ ಇದ್ದೆ. ಅಷ್ಟೇ ಕಥೆ.” ಆಮೇಲೆ ಅವರೇ ನಕ್ಕರು. “ಒಂದೇ ಕಾಲಲ್ಲಿ ಮೆಷಿನ್ ತುಳಿದು ನೋಡಿದೆ. ಹೊಲಿಗೆ ಕುಡಿದೋನ ನಡಿಗೆ ಆಯ್ತು!”

ಫೋನ್ ಇಡುವ ಮುಂಚೆ — “ನಿಮ್ಮ ಊಟ ಆಯ್ತಾ?”

ಆಯ್ತು ಅಂದೆ. ಆಗಿರಲಿಲ್ಲ.

ಮಾರ್ಚ್ ೨೬

ಮತ್ತೆ ಮಾಡಿದರು, ಅದೇ ಹೊತ್ತಿಗೆ. ಕಾಲಿನ ಮಾತು ಒಂದು ನಿಮಿಷ, ಉಳಿದದ್ದು ಹರಟೆ. ಗಿರಾಕಿಯೊಬ್ಬಳು ತೂಕ ಇಳಿಸ್ತೀನಿ ಅಂತ ರವಿಕೆ ಬಿಗಿಯಾಗಿ ಹೊಲಿಸಿಕೊಂಡಳಂತೆ. “ತೂಕ ಇಳೀಲಿಲ್ಲ ಮೇಡಂ, ಹೊಲಿಗೆ ಬಿಡ್ತು.” ಬಾಯಲ್ಲಿ ತುತ್ತು ಇಟ್ಟುಕೊಂಡೇ ನಕ್ಕೆ. ನೆತ್ತಿಗೇರಿ ಕೆಮ್ಮಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು, ಇವಳಿಗೆ ನಗುವುದೂ ಬರುತ್ತದಾ ಎಂಬಂತೆ.

ಏಪ್ರಿಲ್ ೨

ಬೆಳಗ್ಗೆಯೇ ನೆನಪಾಯಿತು, ಮಂಗಳವಾರ ಅಂತ. ಫೋನ್ ಬರುವ ತನಕ ಡಬ್ಬಿ ಮುಟ್ಟಲಿಲ್ಲ. ಇವತ್ತು ನನ್ನನ್ನು “ತಂಗಿ” ಅಂದರು. ಬಾಯ್ತಪ್ಪಿ ಬಂದದ್ದಿರಬೇಕು. ತಿದ್ದಿಕೊಳ್ಳಲಿಲ್ಲ.

ಅವರ ಕೆಲಸ ಇನ್ನೂ ತಳದಲ್ಲೇ. ದಿನಾ ಹೊಸ ಸಣ್ಣ ಕೆಲಸಗಳು ಬರುತ್ತವೆ, ತಳ ಮೇಲೇಳುವುದೇ ಇಲ್ಲ. ಇದೂ ಕೋರ್ಸಿನಲ್ಲಿತ್ತು — ಹೀಗೆ ಸರದಿಯೇ ಸಿಗದ ಕೆಲಸ ‘ಹಸಿವಿನಿಂದ ಸಾಯುತ್ತದೆ’ ಅನ್ನುತ್ತಾರೆ. ಮುಂದಿನ ಪುಟದಲ್ಲೇ ಮದ್ದೂ ಇತ್ತು: ಕಾದಷ್ಟೂ ಕೆಲಸಕ್ಕೆ ವಯಸ್ಸು ಸೇರಿಸುತ್ತಾ ಹೋಗುವುದು, ವಯಸ್ಸಿಗೆ ತಕ್ಕ ಮರ್ಯಾದೆ ಕೊಟ್ಟು ಮುಂದಕ್ಕೆ ಬಿಡುವುದು.

ಹಾಕಬೇಕು. ಈ ವಾರ ಬೇಡ, ಮ್ಯಾನೇಜರ್ ವರದಿ ಕಳಿಸುವ ವಾರ.

ಏಪ್ರಿಲ್ ೧೦, ಬುಧವಾರ

ಮಧ್ಯಾಹ್ನದಿಂದ ಓವನ್ ಖಾಲಿ ಆಗುವುದಿತ್ತು. ದೂರದಿಂದ ಬರಬೇಕಿದ್ದವರೊಬ್ಬರು ಬರುವುದಿಲ್ಲ ಅಂದರು. ಸರಿಯಾಗಿ ಅರ್ಧ ದಿನ. ಟೈಲರಮ್ಮನ ಕೆಲಸ ಅಲ್ಲಿ ಅಳತೆ ತೆಗೆದಂತೆ ಕೂರುತ್ತಿತ್ತು. ಮೇಸ್ತ್ರಿಯೇ ಕೇಳಿದ, “ಆ ತೊಡೆ ಅಚ್ಚು ಹಾಕೋಣ್ವಾ ಮೇಡಂ?”

ಬೇಡ, ಸಣ್ಣವು ಮೂರು ಹಾಕು ಅಂದೆ. ನಿಯಮ ಅಂದಮೇಲೆ ನಿಯಮ.

ಯಾರೂ ಓದದ ಕಡೆಯಲ್ಲೂ ಸುಳ್ಳೇಕೆ ಬರೆಯಬೇಕು? ಅವರ ಕಾಲು ಮುಗಿದರೆ ಮಂಗಳವಾರ ನನಗೆ ಯಾರು ಫೋನ್ ಮಾಡುತ್ತಾರೆ? ಅದೇ ಯೋಚನೆ ಬಂತು. ಬಂದ ಮೇಲೆಯೇ ಬೇಡ ಅಂದದ್ದು.

ಏಪ್ರಿಲ್ ೧೬

ಫೋನ್ ಬರಲಿಲ್ಲ.

ಏಪ್ರಿಲ್ ೨೩

ಇವತ್ತೂ ಇಲ್ಲ. ಡಬ್ಬಿ ಹಾಗೇ ವಾಪಸು ತಂದೆ.

ಏಪ್ರಿಲ್ ೨೪

ನಾನೇ ಮಾಡಿದೆ. ಅವರ ಸೊಸೆ ಎತ್ತಿದಳು. ಬಚ್ಚಲಲ್ಲಿ ಊರುಗೋಲು ಜಾರಿ ಬಿದ್ದರಂತೆ. ಮಣಿಕಟ್ಟಿಗೆ ಬ್ಯಾಂಡೇಜ್. “ಮಾತಾಡೋಲ್ಲ ಅಂತಾರೆ ಮೇಡಂ. ಯಾರ ಹತ್ರಾನೂ.”

ಫೋನ್ ಇಟ್ಟವಳೇ ಅವರ ಕೆಲಸ ಎಳೆದು ಮೊದಲ ಸಾಲಿಗೆ ಹಾಕಿದೆ. ಮ್ಯಾನೇಜರ್ ಬಂದರು. ಸಿಟ್ಟಿಲ್ಲ, ಗಾಬರಿ.

“ಇದೊಂದು ಹಾಕಿದ್ರೆ ತಿಂಗಳ ಸರಾಸರಿ ಕೆಡುತ್ತಲ್ಲ ಮೇಡಂ. ಇಷ್ಟು ದಿನ ಕಾದಿದ್ದಾರೆ, ಇನ್ನೊಂದು ವಾರ... ತಾಳಿದವನು ಬಾಳಿಯಾನು.”

“ಕೆಡಲಿ ಸಾರ್.”

ಅವರಿಗೆ ಎದುರು ಮಾತಾಡಿದ್ದು ಇದೇ ಮೊದಲು. “ವರದಿಯಲ್ಲಿ ಕಾರಣ ನೀವೇ ಬರೀಬೇಕು” ಅಂದು ಹೋದರು. ಬರೆಯುತ್ತೇನೆ. ಏನಂತ?

ಏಪ್ರಿಲ್ ೨೭, ಶನಿವಾರ

ಅವರನ್ನು ಮೊದಲ ಸಲ ಕಂಡೆ. ದನಿಗೆ ತಕ್ಕಂತೆ ದಪ್ಪ ಮೈಯವರು ಅಂದುಕೊಂಡಿದ್ದೆ. ಸಣ್ಣ ದೇಹ, ಕತ್ತಿನಲ್ಲಿ ಅಳತೆ ಟೇಪ್ ಹಾಗೇ ಉಳಿದಿತ್ತು. ಸೊಸೆ ಹೊರಗೆ ಕೂತಳು.

ಕಾಲಿನ ಅಳತೆ ತೆಗೆಯುವವರು ಬಟ್ಟಲು ತೊಡಿಸಿದರು. ತೊಡೆಗೆ ಏರಿಸುವ ಆ ಪ್ಲಾಸ್ಟಿಕ್ ಬಟ್ಟಲು ಬಿಗಿಯಾಗಿ ಹಿಡಿದರೇ ಕಾಲು ನಿಲ್ಲುವುದು. ಹಿಡಿಯಲಿಲ್ಲ. ಪಕ್ಕದಲ್ಲಿ ಎರಡು ಬೆರಳು ತೂರುವಷ್ಟು ಸಡಿಲ.

“ಅಳತೆ ಕೊಟ್ಟ ಮೇಲೆ ತೊಡೆ ಇಳಿದಿದೆ. ಬಳಸದೆ ಇದ್ರೆ ಹೀಗಾಗುತ್ತೆ. ಈ ಅಚ್ಚು ಕೆಲಸಕ್ಕೆ ಬರೋಲ್ಲ, ಹೊಸದಾಗಿ ತೆಗೀಬೇಕು,” ಅಂದರು ಅಳತೆಯವರು.

ಟೈಲರಮ್ಮ ತೊಡೆಯನ್ನೇ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ, “ತಾಳಿದವರು ಬಾಳ್ತಾರೆ ಅಂತಾರಲ್ಲ. ತಾಳಿ ತಾಳಿ ನನ್ನ ತೊಡೆ ಬತ್ತಿ ಹೋಯ್ತು.”

ಅಳತೆಯವರು ಪ್ಲಾಸ್ಟರ್ ಕಲಸಲು ಒಳಗೆ ಹೋದರು. ನಾವಿಬ್ಬರೇ ಉಳಿದೆವು.

“ತಡ ಮಾಡಿದ್ದು ನಾನು,” ಅಂದೆ. “ನಡುವೆ ಒಂದು ದಿನ ಓವನ್ ಖಾಲಿ ಇತ್ತು. ಬೇಕಂತಲೇ ಹಾಕ್ಲಿಲ್ಲ.”

“ಯಾಕೆ?”

“ಕಾಲು ಮುಗಿದ್ರೆ ನೀವು ಫೋನ್ ಮಾಡಲ್ಲ ಅಂತ.”

ನನ್ನ ಮುಖ ನೋಡಿದರು. ಹುಚ್ಚಿಯನ್ನು ನೋಡಿದ ಹಾಗೋ, ಮಗುವನ್ನು ನೋಡಿದ ಹಾಗೋ, ಗೊತ್ತಾಗಲಿಲ್ಲ.

“ನನ್ನ ನಂಬರ್ ನಿಮ್ಮ ಹತ್ರ ಇರಲಿಲ್ವಾ? ಮಾತು ಬೇಕಿದ್ರೆ ಫೋನ್ ಮಾಡ್ಬೇಕು ಮೇಡಂ. ಕಾಲು ಹಿಡ್ಕೊಂಡು ಕೂತ್ಕೋಬಾರ್ದು.”

ಮೇಡಂ ಅಂದರು.

ಏಪ್ರಿಲ್ ೨೯

ವಯಸ್ಸಿನ ನಿಯಮ ಸೇರಿಸಿದೆ. ಇನ್ನು ಕಾದ ಪ್ರತಿ ವಾರಕ್ಕೂ ಕೆಲಸ ಒಂದು ಮೆಟ್ಟಿಲು ಮೇಲೇರುತ್ತದೆ. ಎಷ್ಟೇ ಉದ್ದದ್ದಿರಲಿ, ಒಂದಲ್ಲ ಒಂದು ದಿನ ಓವನ್ ಬಾಯಿಗೆ ಬರಲೇಬೇಕು. ತಳದಲ್ಲಿ ಇನ್ನೂ ನಾಲ್ವರಿದ್ದರು. ಅವರು ಯಾರೂ ಫೋನ್ ಮಾಡಿದವರಲ್ಲ. ಅವರ ನೆನಪೇ ನನಗೆ ಬಂದಿರಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೊಸ ಅಳತೆಗೆ ಕರೆದೆ. ಒಬ್ಬ ಅಜ್ಜ, “ನೀವು ಮುಚ್ಚಿಬಿಟ್ರಿ ಅಂದ್ಕೊಂಡಿದ್ದೆ ಕಣಮ್ಮ” ಅಂದರು.

ವರದಿಯಲ್ಲಿ ಕಾರಣ ಬರೆದೆ: ‘ನಿಯಮದಲ್ಲಿ ಕೊರತೆ ಇತ್ತು.’ ಅರ್ಧ ನಿಜ. ಗ್ರಾಫ್ ಮತ್ತೆ ಏರಿದೆ. ಮ್ಯಾನೇಜರ್ ಟೀ ಒಬ್ಬರೇ ಕುಡಿದರು.

ಮೇ ೯

ಟೈಲರಮ್ಮನ ಕಾಲು ಮುಗಿಯಿತು. ಎರಡು ಕಂಬಿಗಳ ನಡುವೆ ನಡೆಸಿದರು. ಬಾಗಿಲ ಬಳಿ ನಿಂತು ನೋಡಿದೆ, ಒಳಗೆ ಹೋಗುವ ಧೈರ್ಯ ಬರಲಿಲ್ಲ. ಆ ಕೊನೆ ಮುಟ್ಟಿದಾಗ ಸೊಸೆ ಗಟ್ಟಿಯಾಗಿ ಅತ್ತಳು. ಅವರು ಅಳಲಿಲ್ಲ. “ಅಳ್ತಾ ನಿಂತ್ರೆ ಬಸ್ ಹೋಗುತ್ತೆ, ಬಾರೇ” ಅಂದರು.

ಹೋಗುವಾಗ ನನ್ನ ಕಡೆ ತಲೆ ಆಡಿಸಿದರು. ಅಷ್ಟೇ.

ಮೇ ೨೧, ಮಂಗಳವಾರ

ಡಬ್ಬಿ ಹೊತ್ತಿಗೆ ಸರಿಯಾಗಿ ತೆರೆದೆ. ಊಟ ಮಾಡಿದೆ. ಸಂಜೆ ತಂಗಿಗೆ ಫೋನ್ ಮಾಡಿ, “ಆಮೇಲೆ ಅನ್ಬೇಡ್ವೇ, ಈಗ ಎರಡು ನಿಮಿಷ ಮಾತಾಡು” ಅಂದೆ. ಗಾಬರಿಯಾದಳು. “ಅಕ್ಕಾ, ಹುಷಾರಿದ್ದೀಯಾ?” ಹುಷಾರಿದ್ದೇನೆ, ಒಂಟಿ ಅನ್ನಿಸುತ್ತೆ ಅಂದೆ. ಆ ಕಡೆ ಮಕ್ಕಳ ಗಲಾಟೆ ನಿಂತಿತು, ಬಾಗಿಲು ಹಾಕಿಕೊಂಡಳು ಅಂತ ಕಾಣುತ್ತದೆ. ಎರಡು ನಿಮಿಷಕ್ಕಿಂತ ಜಾಸ್ತಿಯೇ ಮಾತಾಡಿದಳು.

ಜೂನ್ ೮, ಶನಿವಾರ. ಬೆಳಗ್ಗೆ ಹನ್ನೊಂದು

ಟೈಲರಮ್ಮನ ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನೆ ಫೋನ್ ಮಾಡಿ, ಬರಲಾ ಎಂದು ಕೇಳಿದ್ದೆ. “ಅಂಗಡಿ ತೆರೆದಿರುತ್ತೆ, ಯಾರು ಬೇಕಾದ್ರೂ ಬರಬಹುದು” ಅಂದಿದ್ದರು. ಹೊಲಿಸಲು ಒಂದು ನೀಲಿ ಬಟ್ಟೆ ತಂದೆ. ನೆಪಕ್ಕಲ್ಲ. ನೆಪಕ್ಕೂ ಹೌದು.

ಕಿರಿದಾದ ಅಂಗಡಿ. ಗೋಡೆಗೆ ಒರಗಿಸಿದ ಬೆಂಚು, ನೆಲದ ತುಂಬ ಬಣ್ಣದ ಚೂರುಗಳು. ಮೆಷಿನ್ ಕೆಳಗೆ ಎರಡೂ ಪಾದಗಳು ಏಳುತ್ತಿವೆ, ಇಳಿಯುತ್ತಿವೆ. ಬಲಗಡೆಯದ್ದು ಒಂದಿಷ್ಟು ತಡವಾಗಿ.

ನಾನು ಒಳಗೆ ಬಂದಾಗ ತಲೆ ಎತ್ತಿದರು. ನಗಲಿಲ್ಲ. “ಕೂತ್ಕೊಳ್ಳಿ. ಇವರದ್ದೆಲ್ಲ ಮೊದಲು ಬಂದಿದ್ದು.”

ಕೂತೆ. ನನ್ನ ಮುಂದೆ ಮೂವರಿದ್ದರು. ನನ್ನದು ಸಣ್ಣ ಕೆಲಸ, ಬರೀ ಅಳತೆ ಕೊಡುವುದು, ಎರಡು ನಿಮಿಷ. ಹೇಳಲಿಲ್ಲ. ಪಕ್ಕದ ಹೆಂಗಸು ಜರುಗಿ ಜಾಗ ಕೊಟ್ಟಳು. ಮಗಳ ಫ್ರಾಕು ತೋರಿಸಿ, ತೋಳು ಉದ್ದ ಆಯ್ತೋ ಹೇಗೆ ಎಂದು ನನ್ನನ್ನು ಕೇಳಿದಳು. ಬೆಳೆಯೋ ಮಗು, ಇರಲಿ ಬಿಡಿ ಅಂದೆ. ಫ್ಯಾನ್ ಇಲ್ಲ ಇಲ್ಲಿ. ಇದ್ದರೂ ಈ ಮಾತು, ಈ ಮೆಷಿನ್ ನಡುವೆ ಕೇಳಿಸುತ್ತಿರಲಿಲ್ಲ.

ನನ್ನ ಮುಂದೆ ಈಗ ಒಬ್ಬರೇ ಉಳಿದರು. ಟೈಲರಮ್ಮ ಟೇಪ್ ಕತ್ತಿಗೆ ಹಾಕಿಕೊಂಡು ಎದ್ದು ನಿಂತಿದ್ದಾರೆ. ಈ ಕಡೆಗೇ ಬರುತ್ತಿದ್ದಾರೆ, ನಡೆದುಕೊಂಡು. ನನ್ನನ್ನು ಏನೋ ಕೇಳುತ್ತಿದ್ದಾರೆ. ಡೈರಿ ಮುಚ್ಚುತ್ತೇನೆ.