ಫುಟ್‌ಪಾತ್ ಇಲ್ಲದ ರಸ್ತೆ

ಮಾರ್ಚ್ ೧೨, ಗುರುವಾರ.

ಬಡಾವಣೆಯ ಮೈದಾನಕ್ಕೆ ಬೇಲಿ ಹಾಕಿ ನಾಲ್ಕು ದಿನವಾಯಿತು. ಅದನ್ನು ದಾಟಿ ಲೈಬ್ರರಿಗೆ ಹೋಗುತ್ತಿದ್ದ ಮಾವ ಈಗ ಹೊಸ ರಸ್ತೆಯ ಅಂಚಿನಲ್ಲೇ ನಡೆಯಬೇಕು. ಸಂಜೆ ಅಂಗಿಯ ತೋಳು ಹರಿದುಕೊಂಡು ಬಂದರು. ಲಾರಿಯ ಕನ್ನಡಿ ತಾಗಿತಂತೆ.

"ಏನಿಲ್ಲಮ್ಮ, ಅಂಗಿಗೆ ನನಗಿಂತ ವಯಸ್ಸಾಗಿತ್ತು" ಎಂದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಆ ರಸ್ತೇಲಿ ನಡೆಯೋರಿಗೆ ಜಾಗಾನೇ ಬಿಟ್ಟಿಲ್ವಲ್ಲ, ನಕ್ಷೆ ಬರೆದವರು ಯಾರು?"

ನಗರ ಯೋಜನಾ ಕಚೇರಿಯಲ್ಲಿ ಕೂತು ಬರೆದವಳು ನಾನೇ. ಹೊಲಿದು ಕೊಡುತ್ತೇನೆಂದು ಅಂಗಿ ಇಸಿದುಕೊಂಡು ಒಳಗೆ ಹೋದೆ.

ಮೈದಾನವನ್ನು ಪಾರ್ಕಿಂಗ್ ಮಾಡುವ ನಕ್ಷೆಗೆ ನಾಳೆ ನನ್ನ ಸಹಿ ಬೇಕು. ಊಟವಾದ ಮೇಲೆ ಮೇಲಧಿಕಾರಿಗೆ ಫೋನ್ ಮಾಡಿ, ಸಹಿ ಹಾಕುವುದಿಲ್ಲ, ಬಯಲು ಬಯಲಾಗಿಯೇ ಇರಲಿ, ರಸ್ತೆಗೆ ಫುಟ್‌ಪಾತ್ ಬರಲಿ ಎಂದೆ. ಅವರು ರೇಗಲಿಲ್ಲ. "ಯೋಚನೆ ಮಾಡಿ ಮಾತಾಡ್ತಿದ್ದೀರಿ ತಾನೇ?" ಎಂದಷ್ಟೇ ಕೇಳಿ ಫೋನ್ ಇಟ್ಟರು. ರೇಗಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಕೆಲಸ ಹೋದರೆ ಹೇಗೋ ಆಗುತ್ತದೆ. ನನ್ನ ಕುರ್ಚಿಗೆ ಬಂದವರು ಕಣ್ಣುಮುಚ್ಚಿ ಸಹಿ ಹಾಕಿಬಿಟ್ಟರೆ?

ಪಕ್ಕದ ಕೋಣೆಯಲ್ಲಿ ಮಾವ ಮಗ್ಗುಲು ಬದಲಿಸಿದ ಸದ್ದು. ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟುವ ಮೊದಲೇ ಹೇಳಿಬಿಡಬೇಕು. ಹೇಗೆ ಶುರುಮಾಡಲಿ? ಮಾವ, ಆ ರಸ್ತೆ ಇದೆಯಲ್ಲ, ಅದು...