ಅಕ್ಕನ ದೊಡ್ಡ ಸ್ಕ್ರೀನು

ಮಾರ್ಚ್ ೩, ಸೋಮವಾರ, ಬೆಳಿಗ್ಗೆ
ಮತ್ತೆ ಅದೇ. ಸ್ಕ್ರೀನಿನ ಮೇಲೆ ಬಾಣದ ಗುರುತು ಎಳೆದರೆ ತಡೆದು ತಡೆದು ಬರುತ್ತದೆ, ಒಲ್ಲದ ಕರುವಿನ ಹಾಗೆ. ಡಿಸೈನ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಬೇಡದ ಫಾಂಟ್ ಎಲ್ಲ ತೆಗೆದೆ. ರೀಸ್ಟಾರ್ಟ್. ಊಹೂಂ. ಆಸ್ಪತ್ರೆಯ ಹೊಸ ಕಟ್ಟಡಕ್ಕೆ ದಾರಿ ತೋರಿಸುವ ಬೋರ್ಡುಗಳು — ಶುಕ್ರವಾರ ಪ್ರಿಂಟಿಗೆ ಹೋಗಲೇಬೇಕು.

ಪಕ್ಕದಲ್ಲಿ ಅಕ್ಕ, ಇದೇ ಕಂಪ್ಯೂಟರಿಗೆ ಸಿಕ್ಕಿಸಿದ ತನ್ನ ದೊಡ್ಡ ಸ್ಕ್ರೀನಿಗೆ ಮೂಗು ತಾಗಿಸಿಕೊಂಡು. ನಮ್ಮಿಬ್ಬರ ಈ ಸ್ಟುಡಿಯೋ ನಿಂತಿದ್ದೇ ಅವಳ ಕಣ್ಣಿನ ಮೇಲೆ. ಅಕ್ಷರದ ನಡುವೆ ಕೂದಲೆಳೆ ಜಾಗ ಹೆಚ್ಚಾದರೂ ಹಿಡಿಯುವವಳು. ಈಗ ನಡುವಿನ ನೋಟ, ನೇರಕ್ಕಿರುವುದನ್ನು ಕಾಣಿಸುವುದು, ಸವೆಯುತ್ತಿದೆ ಅಂದಿದ್ದಾರೆ ಕಣ್ಣಿನ ಡಾಕ್ಟರು. ಎಷ್ಟು ಸವೆದಿದೆ? ನಾನು ಕೇಳಿಲ್ಲ, ಅವಳು ಹೇಳಿಲ್ಲ.

ಸಂಜೆ
ಕಂಪ್ಯೂಟರ್ ರಿಪೇರಿಯವರಿಗೆ ಫೋನ್ ಮಾಡಿದೆ.
"ಸ್ಕ್ರೀನ್ ಎಷ್ಟು ಹಾಕಿದ್ದೀರಾ ಮೇಡಂ?"
"ಮೂರು. ನಂದೆರಡು, ಅಕ್ಕಂದೊಂದು."
"ಒಂದೊಂದೇ ಕಿತ್ತು ನೋಡಿ. ಯಾವ್ದು ತೆಗೆದ್ರೆ ಸರಿಹೋಗತ್ತೋ, ಅದೇ ಕಳ್ಳ."

ಮಾರ್ಚ್ ೪
ನನ್ನ ಎಡಗಡೆಯದನ್ನು ಕಿತ್ತೆ. ಬದಲಾವಣೆ ಇಲ್ಲ. ಮತ್ತೆ ಸಿಕ್ಕಿಸಿ ಬಲಗಡೆಯದು. ಅದೇ ರಾಗ. ಕೊನೆಗೆ ಅಕ್ಕನದು — ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು!

ಕಂಪ್ಯೂಟರಿನಲ್ಲಿ ಸ್ಕ್ರೀನಿಗೆಂದು ಇರುವ ಕಿಂಡಿ ಎರಡೇ. ಎರಡೂ ನನ್ನವು. ಅವಳದ್ದು ಪೆನ್‌ಡ್ರೈವ್ ಸಿಕ್ಕಿಸುವ ಸಂದಿಗೆ, ಯುಎಸ್‌ಬಿ ಅಡಾಪ್ಟರ್ ಮೂಲಕ. ಅಷ್ಟು ದೊಡ್ಡ ಚಿತ್ರವನ್ನು ಆ ಸಂದಿಯಲ್ಲಿ ತೂರಿಸಲು ಕಂಪ್ಯೂಟರ್ ಏದುಸಿರು ಬಿಡುತ್ತಿದೆ.

"ನಂದೇನಾ ಕಳ್ಳ?" ಅಂದಳು ಅಕ್ಕ. "ತೆಗೆದಿಡೇ ಹಂಗಾದ್ರೆ. ನಿನ್ನದ್ರಲ್ಲೇ ನೋಡ್ತೀನಿ. ನಂಗೇನು ಕಾಣಲ್ವಾ?"

ತೆಗೆದಿಟ್ಟೆ. ಶುಕ್ರವಾರದವರೆಗೆ ಮಾತ್ರ.

ಮಾರ್ಚ್ ೬
ಎರಡು ದಿನದಿಂದ ಕೆಲಸ ಓಡುತ್ತಿದೆ. ಅಕ್ಕ ನನ್ನ ಕುರ್ಚಿಯ ಹಿಂದೆ ನಿಂತು "ಹೂಂ, ಚೆನ್ನಾಗಿದೆ" ಅನ್ನುತ್ತಾಳೆ. ಎಲ್ಲದಕ್ಕೂ! ಒಂದೇ ಏಟಿಗೆ ಒಪ್ಪುವ ಜಾಯಮಾನ ಅವಳದಲ್ಲ…

ಮಧ್ಯಾಹ್ನ ಹೆರಿಗೆ ವಾರ್ಡಿನ ಬೋರ್ಡು. ಬಲಕ್ಕಿರಬೇಕಾದ ಬಾಣವನ್ನು ಎಡಕ್ಕೆ ತಿರುಗಿಸಿಬಿಟ್ಟಿದ್ದೆ. ಅದಕ್ಕೂ "ಚೆನ್ನಾಗಿದೆ."

"ಅಕ್ಕಾ, ಬಾಣ ಯಾವ ಕಡೆ ಇದೆ?"
ಸ್ಕ್ರೀನಿಗೆ ಇನ್ನಷ್ಟು ಬಗ್ಗಿದಳು.
"ಇದು ಬಟ್ಟೆ ಒಗೆಯೋ ಕೋಣೆ ಕಡೆ ಹೋಗತ್ತೆ."
"ಅಯ್ಯೋ ಶಿವನೇ! ನೋವಲ್ಲಿ ಬಂದೋಳು ಅಲ್ಲೇ ಹೆರಬೇಕಿತ್ತು."

ನಕ್ಕಳು. ನಗುನಗುತ್ತಲೇ ಕುರ್ಚಿಗೆ ಕುಸಿದಳು.

"ದೊಡ್ಡದ್ರಲ್ಲಿ ಓರೆಗಣ್ಣಿಂದ ನೋಡಿದ್ರೆ ಕಾಣತ್ತೆ ಪುಟ್ಟಿ. ನಿನ್ನದ್ರಲ್ಲಿ ಬರೀ ಮಬ್ಬು. ಹೇಳಿದ್ರೆ, ಮನೇಲಿ ಆರಾಮಾಗಿರು ಅಂತೀಯೇನೋ ಅಂತ…"
"ನಿನ್ನ ಮನೇಲಿ ಕೂರಿಸಿ ನಾನಿಲ್ಲಿ ಏನ್ ಮಾಡ್ಲಿ?"

ಎದ್ದೆ. ನನ್ನ ಬಲಗಡೆಯ ಸ್ಕ್ರೀನು ಕಿತ್ತೆ. ಆ ಕಿಂಡಿಗೆ ಅವಳದ್ದು ಸಿಕ್ಕಿಸಿದೆ. ಅಡಾಪ್ಟರ್ ಡ್ರಾಯರಿಗೆ. ನನಗೆ ಒಂದೇ ಸ್ಕ್ರೀನು, ಟೂಲ್‌ಗಳೆಲ್ಲ ಒಂದರ ಮೇಲೊಂದು, ಇಕ್ಕಟ್ಟು. ಇರಲಿ. ಸಾಫ್ಟ್‌ವೇರ್ ಮಾತ್ರ ಎಲ್ಲೂ ಮುಗ್ಗರಿಸಲಿಲ್ಲ.

ಅಕ್ಕ ಕತ್ತು ವಾಲಿಸಿ ಕೂತಳು. ಒಪ್ಪಿದ್ದನ್ನೆಲ್ಲ ಮೊದಲಿಂದ ನೋಡಿದಳು.

"ತುರ್ತು ಚಿಕಿತ್ಸೆ ಬೋರ್ಡಲ್ಲಿ ಮೊದಲೆರಡು ಅಕ್ಷರ ಜಗಳ ಆಡಿದೋರ ಥರ ದೂರ ಕೂತಿವೆ. ಹತ್ತಿರ ತಾರೇ."

ಅಬ್ಬ. ನನ್ನಕ್ಕ ವಾಪಸ್ ಬಂದಳು.

ಮಾರ್ಚ್ ೭
ಫೈಲು ಹೋಯಿತು. ಅಕ್ಕ ಹದಿನಾಲ್ಕು ತಪ್ಪು ಹಿಡಿದಳು. ಎಲ್ಲ ನನ್ನವೇ.

ಮಾರ್ಚ್ ೧೯, ಮಧ್ಯಾಹ್ನ
ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ಯಾವಾಗಲೂ ಭಾವನ ಜೊತೆ ಹೋಗುವವಳು ಈ ಸಲ ನನ್ನ ಕೈ ಹಿಡಿದು "ನೀನೂ ಒಳಗೆ ಬಾ" ಅಂದಳು. ಕೇಳಬೇಕಾದ್ದನ್ನೆಲ್ಲ ಕೇಳಿದೆ. ನಡುವಿನ ನೋಟ ಇನ್ನೂ ಹೋಗಬಹುದಂತೆ. ಅಂಚಿನದು ಉಳಿಯುತ್ತದಂತೆ. ಪೂರ್ತಿ ಕತ್ತಲೆ ಆಗುವುದಿಲ್ಲ.

"ಅಂಚು ಸಾಕು ಬಿಡಿ ಡಾಕ್ಟ್ರೇ," ಅಂದಳು ಅಕ್ಕ, "ನಡುವಲ್ಲಿ ಇವಳಿದಾಳಲ್ಲ, ಅಡ್ಡ."

ದಾರಿಯುದ್ದಕ್ಕೂ ನಗು. ಹೊಸ ಕೆಲಸ ಬಂದಿದೆ, ಗ್ರಂಥಾಲಯದ್ದು. ಸ್ಟುಡಿಯೋಗೆ ಬಂದವಳೇ ಅಕ್ಕ ಸ್ಕ್ರೀನ್ ಮುಂದೆ ಕೂತಿದ್ದಾಳೆ. ನಾನು ಒಂದು ಲೋಟ ಚಹಾ ಕುಡಿದು, ಇಷ್ಟು ಬರೆದು ಆಮೇಲೆ… ಇಲ್ಲ, ಕರೆದೇಬಿಟ್ಟಳು. "ಪುಟ್ಟೀ, ಈ ಹಳದಿ ಯಾರೇ ಹಾಕಿದ್ದು? ಬಾ ಇಲ್ಲಿ, ಇದನ್ನ—"